ಕುಡಿಯದವರ ತೂರಾಟ

ನಲವತ್ತೊಂದು ವರ್ಷದ ಮಗ ನಿದ್ದೆಯಲ್ಲಿದ್ದಾಗ ಶಿವನಂಜಮ್ಮ ಮೆಲ್ಲಗೆ ಬಗ್ಗಿ ಅವನ ಬಾಯಿ ಮೂಸಿ ನೋಡಿದಳು.

ಮಧ್ಯಾಹ್ನದ ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ನಿಂಗರಾಜು ಬೆಳಗಿನ ಪಾಳಿ ಮುಗಿಸಿ ದೇವನೂರಿಗೆ ಬಂದು, ಉಂಡು, ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಓಡಾಡುವ ಖಾಸಗಿ ಬಸ್ಸೊಂದಕ್ಕೆ ಹದಿನಾರು ವರ್ಷದಿಂದ ಅವನೇ ಡ್ರೈವರು. ಅವನ ಬಾಯಿಂದ ಬಂದದ್ದು ಹುರುಳಿ ಸಾರಿನ ವಾಸನೆ ಮಾತ್ರ. ಶಿವನಂಜಮ್ಮನಿಗೆ ಅದರಿಂದ ನೆಮ್ಮದಿಯಾಗಲಿಲ್ಲ. ಗೋಡೆಗೆ ನೇತುಹಾಕಿದ್ದ ಖಾಕಿ ಅಂಗಿಯ ಜೇಬು ತಡಕಿದಳು, ಊಟದ ಬ್ಯಾಗಿನೊಳಗೆ ಕೈಯಾಡಿಸಿದಳು, ಕೊಟ್ಟಿಗೆಯ ಹುಲ್ಲಿನ ಹೊರೆಗಳ ಸಂದಿಯಲ್ಲೂ ನೋಡಿ ಬಂದಳು. ಬಾಟಲಿ ಸಿಗಲಿಲ್ಲ, ಪಾಕೀಟೂ ಸಿಗಲಿಲ್ಲ.

ಆದರೆ ಅವಳು ಎರಡು ವರ್ಷದಿಂದ ನೋಡುತ್ತಲೇ ಇದ್ದಳು. ಕೈಕಾಲು ತೊಳೆಯುವ ಕಲ್ಲಿನ ಮೇಲೆ ನಿಂತಾಗ ಅವನ ಎಡಗಾಲು ತಾನೇ ತಾನಾಗಿ ಎಗರುತ್ತಿತ್ತು. ಲೋಟ ಕೈಜಾರುತ್ತಿತ್ತು. ಸುಮ್ಮನೆ ಕೂತಾಗ ಬೆರಳುಗಳು ಕಾಣದ ಕಾಳನ್ನು ಆರಿಸುವ ಹಾಗೆ ಆಡುತ್ತಿದ್ದವು. ಹೆಂಡತಿಗೆ ಎಂದೂ ಗದರದವನು ಈಗ ಸಾರಿಗೆ ಉಪ್ಪು ಕಮ್ಮಿ ಎಂದು ತಟ್ಟೆ ಎಸೆಯುತ್ತಿದ್ದ, ಆಮೇಲೆ ತಾನೇ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ನಿದ್ದೆ ಬಂದರೆ ಮಾತ್ರ ಮೈಯೆಲ್ಲ ಸುಮ್ಮನಾಗುತ್ತಿತ್ತು. ಇದನ್ನೆಲ್ಲ ಅವಳು ಹಿಂದೆ ಒಬ್ಬನಲ್ಲಿ ಕಂಡಿದ್ದಳು. ಅವನು ತಿಮ್ಮಯ್ಯ, ಅವಳ ಗಂಡ.

ಶಿವನಂಜಮ್ಮನನ್ನು ಸೋಸಲೆಗೆ ಕೊಟ್ಟಾಗ ಅವಳಿಗೆ ಹದಿನೆಂಟು ವರ್ಷ. ನಾಲೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವ ನೀರುಗಂಟಿಯಾಗಿದ್ದ ತಿಮ್ಮಯ್ಯ. ಮೆತ್ತಗಿನ ಮನುಷ್ಯ. ನೀರಿನ ಜಗಳವೆಂದರೆ ಎರಡೂ ಕಡೆಯವರು ಅವನ ಮಾತಿಗೆ ಒಪ್ಪುತ್ತಿದ್ದರು. ನಲವತ್ತರ ಹತ್ತಿರ ಬಂದಾಗ ಅವನ ನಡಿಗೆ ಕೆಟ್ಟಿತು. ಬದುವಿನ ಮೇಲೆ ನಡೆಯುತ್ತಿದ್ದವನು ಗದ್ದೆಗೆ ಬೀಳುವನು. ಮಾತು ತೊದಲುವುದು. ಒಂದು ಸಲ ತೂಬು ಇಳಿಸಲು ಮರೆತು ಯಾರದೋ ಪೈರು ಕೊಳೆಯಿತು. ಕುಡಿತ ಜಾಸ್ತಿಯಾಯಿತು ಎಂದು ಊರೆಲ್ಲ ಹೇಳಿತು. ಅವನು ದೇವಸ್ಥಾನದಲ್ಲಿ ಕರ್ಪೂರ ಆರಿಸಿ, ಕುಡಿದಿಲ್ಲ ಎಂದು ಆಣೆ ಮಾಡಿದ. ಆಣೆ ಮಾಡಿ ಮೆಟ್ಟಿಲು ಇಳಿಯುವಾಗಲೇ ಮುಗ್ಗರಿಸಿದ. ನೆರೆದವರು ನಕ್ಕರು. ನಗದವಳು ಶಿವನಂಜಮ್ಮ ಒಬ್ಬಳೇ. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಮೇಲೆ ಅವನು ನಿಜವಾಗಿಯೂ ಕುಡಿಯತೊಡಗಿದ. ಕೇಳಿದ್ದಕ್ಕೆ, "ಎಲ್ರೂ ಕುಡುಕ ಅಂತ ಏಳ್ತಾರಲ್ಲ, ಇರ್ಲಿ ಅಂತ" ಎಂದ. ಆ ವಾರವೇ ಅವಳು ಹದಿನಾಲ್ಕು ವರ್ಷದ ನಿಂಗರಾಜುವಿನ ಕೈಹಿಡಿದು ತವರಾದ ದೇವನೂರಿಗೆ ಬಂದುಬಿಟ್ಟಳು. ಮೂರು ವರ್ಷದ ಮೇಲೆ ತಿಮ್ಮಯ್ಯ ನಾಲೆಯಲ್ಲಿ ಹೆಣವಾಗಿ ಸಿಕ್ಕಿದ. ಕುಡಿದು ಬಿದ್ದ ಎಂದರು. ಅವಳು ಅಳಲಿಲ್ಲ. ಮಗನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಜನ್ಮದಲ್ಲಿ ಹೆಂಡ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡಳು. ಆ ಮಾತನ್ನು ಅವನು ಉಳಿಸಿಕೊಂಡಿದ್ದ. ಡ್ರೈವರುಗಳ ನಡುವೆ ಬೀಡಿಯನ್ನೂ ಸೇದದವನು ಎಂದು ಹೆಸರಾಗಿದ್ದ.

ಅವಳು ಬಾಯಿ ಮೂಸಿ ನೋಡಿದ ತಿಂಗಳಲ್ಲೇ ಬಸ್ಸು ನರಸೀಪುರದ ಹತ್ತಿರ ಸೇತುವೆಯೊಂದರ ತಡೆಗೋಡೆಗೆ ಉಜ್ಜಿತು. ಯಾರಿಗೂ ಪೆಟ್ಟಾಗಲಿಲ್ಲ. ಜನ ಇಳಿದು ಡ್ರೈವರನ್ನು ಕೆಳಗೆಳೆದರು. ಅವನು ನಿಂತಲ್ಲೇ ತೂರಾಡಿದ. ಒಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದು ಹತ್ತಾರು ಗುಂಪಿಗೆ ಹಾಕಿದ. ನಿಂಗರಾಜು ಮನೆ ತಲುಪುವ ಮೊದಲೇ ವೀಡಿಯೊ ದೇವನೂರು ತಲುಪಿತ್ತು.

ಅಂಗಳಕ್ಕೆ ಕಾಲಿಟ್ಟವನ ಕೆನ್ನೆಗೆ ಶಿವನಂಜಮ್ಮ ಬಾರಿಸಿದಳು. ಹೆಂಡತಿ ಕೋಮಲ ಅಡುಗೆಮನೆಯಿಂದ ಓಡಿ ಬಂದಳು. ಕಾಲೇಜಿನಿಂದ ಆಗ ತಾನೇ ಬಂದಿದ್ದ ಮಗಳು ವಾಣಿ ಬ್ಯಾಗು ಹಿಡಿದೇ ನಿಂತಳು.

"ಕುಡ್ದಿಲ್ಲ ಕಣವ್ವ," ಎಂದ ನಿಂಗರಾಜು. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಅವ್ನೂ ಇಂಗೇ ಏಳ್ತಿದ್ದ."

ಜೊತೆಗೆ ಬಂದಿದ್ದ ಕಂಡಕ್ಟರ್ ಶಿವಸ್ವಾಮಿ ನಡುವೆ ನಿಂತ. "ಅವ್ವಾ, ವಸಿ ಸುಮ್ಕಿರಿ. ಪೋಲೀಸ್ನೋರು ಮೂರ್ ಸಲ ಊದ್ಸವ್ರೆ. ಮೂರ್ ಸಲಾನೂ ಸೊನ್ನೆ. ಮೆಷಿನ್ ಕೆಟ್ಟೋಗದೆ ಅಂದ್ರು ಜನ. ಅಲ್ಲೇ ಬೈಕಲ್ಲಿ ಬಂದ ಒಬ್ಬುನ್ ಕೈಲಿ ಊದ್ಸುದ್ರು, ಕುಯ್ಯೋ ಅಂತು. ಮೂರ್ನೇ ಸಲ ಇವ್ನ್ ಕೈಲಿ ಊದ್ಸುದ್ರು, ಸೊನ್ನೆ. ಇನ್ಸ್‌ಪೆಕ್ಟ್ರೇ ಅಂದ್ರು, ಇವ್ನು ಕುಡ್ದಿಲ್ಲ, ಇವ್ನಿಗೆ ಏನೋ ಕಾಯಿಲೆ ಅದೆ, ಡಾಕ್ಟ್ರಿಗೆ ತೋರ್ಸಿ ಅಂತ."

ಅವನು ಜೇಬಿನಿಂದ ಮೆಷಿನ್ನಿನಿಂದ ಬಂದ ಉದ್ದನೆಯ ಚೀಟಿ ತೆಗೆದು ವಾಣಿಗೆ ಕೊಟ್ಟ. ವಾಣಿ ಓದಿದಳು. ಶಿವನಂಜಮ್ಮನಿಗೆ ಓದು ಬಾರದಿದ್ದರೂ ಸೊನ್ನೆ ಗೊತ್ತಿತ್ತು. ಚೀಟಿಯ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಸೊನ್ನೆ ನೋಡಿದಳು. ಮಗನ ಕೆನ್ನೆಯ ಮೇಲೆ ಅವಳ ಬೆರಳಿನ ಬರೆ ಮೂಡಿತ್ತು.

ಬಸ್ಸಿನ ಮಾಲೀಕ ಚಲುವಯ್ಯ ಮಾರನೆಯ ದಿನ ಕೀಲಿ ವಾಪಸು ತರಿಸಿಕೊಂಡ. "ಕುಡ್ದಿರ್ಲಿ, ಬುಟ್ಟಿರ್ಲಿ, ಜನ ಇವನ ಬಸ್ ಅತ್ತಲ್ಲ" ಎಂದು ಹೇಳಿ ಕಳಿಸಿದ.

ನಂಜನಗೂಡಿನ ಡಾಕ್ಟರು ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನ ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು ಕನ್ನಡಕದ ಚಿಕ್ಕ ವಯಸ್ಸಿನ ಹೆಂಗಸು. ನಿಂಗರಾಜುವನ್ನು ಗೆರೆಯ ಮೇಲೆ ನಡೆಸಿದರು, ನಾಲಿಗೆ ಚಾಚಿ ಹಾಗೇ ಇಟ್ಟುಕೊಳ್ಳಿ ಎಂದರು. ನಾಲಿಗೆ ಹಾವಿನ ನಾಲಿಗೆಯ ಹಾಗೆ ಒಳಗೆ ಹೊರಗೆ ಆಡಿತು, ನಿಲ್ಲಲಿಲ್ಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಶಿವನಂಜಮ್ಮನ ಕಡೆ ತಿರುಗಿದರು.

"ಇವರ ತಂದೆ ಹೇಗೆ ತೀರಿಕೊಂಡರು, ಅಮ್ಮ?"

"ಕುಡ್ದು ನಾಲೆಗೆ ಬಿದ್ರು."

"ಅದಕ್ಕೆ ಮುಂಚೆ ನಡಿಗೆ ಹೇಗಿತ್ತು? ಕೈಕಾಲು ಕುಣೀತಿತ್ತಾ? ಸಿಟ್ಟು ಬರ್ತಿತ್ತಾ?"

ಶಿವನಂಜಮ್ಮ ಮಗನ ಆಡುವ ಬೆರಳುಗಳನ್ನೇ ನೋಡುತ್ತ ಕೂತಳು. ಕೋಮಲ ಮೆಲ್ಲಗೆ, "ಅತ್ತೆ, ಡಾಕ್ಟ್ರು ಕೇಳ್ತಾವ್ರೆ" ಎಂದಾಗ ಹೌದೆಂದು ತಲೆ ಆಡಿಸಿದಳು.

ರಕ್ತದ ಪರೀಕ್ಷೆಯ ಫಲ ಬರಲು ಐದು ವಾರ ಹಿಡಿಯಿತು. ಆ ದಿನ ಡಾಕ್ಟರು ಬಾಗಿಲು ಹಾಕಿಸಿ, ನಾಲ್ವರನ್ನೂ ಕೂರಿಸಿ ಹೇಳಿದರು. ಎಲ್ಲರ ಮೆದುಳಿನ ಜೀವಕೋಶಗಳಲ್ಲೂ ಹಂಟಿಂಗ್ಟಿನ್ ಅನ್ನುವ ಒಂದು ಪ್ರೋಟೀನ್ ಇರುತ್ತದೆ. ಅದು ದಾರದ ಹಾಗೆ ತಯಾರಾಗಿ, ತನ್ನ ರೀತಿಯಲ್ಲಿ ಮಡಚಿಕೊಂಡು, ತನ್ನ ಕೆಲಸ ಮಾಡಿಕೊಂಡಿರುತ್ತದೆ. ಆ ದಾರದಲ್ಲಿ ಒಂದು ಕಡೆ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಬೇರೆಯವರಿಗೆ ಹದಿನೇಳೋ ಇಪ್ಪತ್ತೋ ಸಲ ಬಂದರೆ ನಿಂಗರಾಜುವಿಗೆ ನಲವತ್ತಾರು ಸಲ ಬಂದಿದೆ.

"ಉದ್ದ ಜಾಸ್ತಿಯಾದ್ರೆ ಅದು ಸರಿಯಾಗಿ ಮಡಚಿಕೊಳ್ಳಲ್ಲ. ತುಂಡಾಗುತ್ತೆ, ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತೆ, ಜೀವಕೋಶದ ಒಳಗೇ ಗಂಟು ಕಟ್ಟುತ್ತೆ. ಕೈಕಾಲನ್ನ ಹಿಡಿತದಲ್ಲಿ ಇಟ್ಟುಕೊಳ್ಳೋ ಜಾಗದ ಜೀವಕೋಶಗಳು ಮೊದಲು ಸಾಯ್ತವೆ. ಆಮೇಲೆ ಉಳಿದವು."

"ಔಷ್ದಿ?" ಎಂದು ಕೋಮಲ ಕೇಳಿದಳು.

"ಕೈಕಾಲು ಕುಣಿಯೋದನ್ನ ಕಮ್ಮಿ ಮಾಡೋಕೆ ಇದೆ. ಮನಸ್ಸಿನ ಬೇಜಾರಿಗೆ ಇದೆ. ಕಾಯಿಲೆಯನ್ನೇ ನಿಲ್ಲಿಸೋದು ಇಲ್ಲ. ಹತ್ತು ವರ್ಷ, ಹದಿನೈದು ವರ್ಷ, ನಿಧಾನಕ್ಕೆ ಮುಂದೆ ಹೋಗುತ್ತೆ."

ನಿಂಗರಾಜು ಕೇಳಿದ್ದು ಒಂದೇ ಪ್ರಶ್ನೆ. "ಇದು ನಮ್ಮಪ್ಪನಿಂದ ಬಂದದ್ದಾ?"

"ನಿಮ್ಮ ತಾಯಿ ಹೇಳಿದ್ದು ಕೇಳಿದ್ರೆ ನನಗೆ ಅನುಮಾನ ಇಲ್ಲ. ತಂದೆಗೋ ತಾಯಿಗೋ ಇದ್ರೆ, ಒಂದೊಂದು ಮಗುವಿಗೂ ಬರೋದು ಅರ್ಧಕ್ಕರ್ಧ." ಡಾಕ್ಟರು ವಾಣಿಯ ಕಡೆ ನೋಡದಿರಲು ಪ್ರಯತ್ನಪಟ್ಟಿದ್ದು ಎಲ್ಲರಿಗೂ ಕಾಣಿಸಿತು.

"ಆಗಿದ್ರೆ ಅವ್ರು ಕುಡ್ದಿರ್ನಿಲ್ವಾ?" ಎಂದಳು ಶಿವನಂಜಮ್ಮ.

"ಕುಡಿದಿದ್ದರೂ ಇರಬಹುದಮ್ಮ. ಬೀಳ್ತಿದ್ದದ್ದು ಅದರಿಂದ ಅಲ್ಲ."

ಶಿವನಂಜಮ್ಮ ಮನೆಗೆ ಬಂದು, ಎಂದಿನ ಹಾಗೆ ಒಲೆ ಹೊತ್ತಿಸಿ ಮುದ್ದೆಗೆ ಎಸರಿಟ್ಟಳು. ವಾಣಿ ಪಕ್ಕದಲ್ಲಿ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಅವಳು ಬಿಎಸ್ಸಿ ಮೊದಲ ವರ್ಷದಲ್ಲಿದ್ದಳು, ಜೀವಶಾಸ್ತ್ರ ಓದುತ್ತಿದ್ದಳು.

"ಆ ಡಾಕ್ಟ್ರಮ್ಮ ಗಂಟು ಅಂದ್ಲಲ್ಲ," ಎಂದಳು ಶಿವನಂಜಮ್ಮ. "ಏನ್ ಗಂಟು ಅದು?"

ವಾಣಿ ಕುದಿಯುವ ಎಸರನ್ನು ನೋಡಿದಳು. "ಇಟ್ಟು ಆಕಿ ತಿರುವ್ದೆ ಬುಟ್ರೆ ಏನಾಯ್ತದೆ ಅಜ್ಜಿ?"

"ಗಂಟುಗಂಟಾಯ್ತದೆ. ವಳಗೆ ಅಸಿ ಇಟ್ಟು ಅಂಗೇ ಉಳ್ಕತದೆ."

"ಅಂಗೇ ಅಂದ್ಕೊ. ಮೆದುಳಲ್ಲಿ ದಿನಾ ಪ್ರೋಟೀನ್ ತಯಾರಾಯ್ತಾ ಇರ್ತದೆ. ಕೆಟ್ಟಿದ್ದನ್ನ ಗುಡಿಸಿ ಆಚೆಗೆ ಆಕಕ್ಕೂ ಜೀವಕೋಶದೊಳಗೆ ವ್ಯವಸ್ಥೆ ಅದೆ. ಅಪ್ಪಂಗೆ ಕೆಟ್ಟಿದ್ದೇ ಜಾಸ್ತಿ ಬತ್ತಾ ಅದೆ, ಗುಡ್ಸಿ ಗುಡ್ಸಿ ಸೋತೋಯ್ತದೆ. ಉಳಿದದ್ದು ಅಂಟ್ಕತದೆ."

"ಆ ಗಂಟ ಒಡ್ಯಕ್ಕಾಗಲ್ವಾ? ನಾವು ಕೋಲಲ್ಲಿ ಅದುಮ್ತೀವಲ್ಲ, ಅಂಗೆ?"

"ಅಲ್ಲಿಗೆ ಕೋಲು ಓಗಲ್ಲ ಅಜ್ಜಿ. ಗಂಟೇ ಕೊಲ್ತದೋ, ಗಂಟಾಗಕ್ಕೆ ಮುಂಚೆ ತೇಲಾಡೋ ಚೂರುಗಳು ಕೊಲ್ತವೋ, ಅದೇ ಇನ್ನೂ ಪೂರ್ತಿ ಗೊತ್ತಾಗಿಲ್ಲ ಅಂತ ಬರ್ದವ್ರೆ. ನಾನು ಓದ್ದೆ."

ಶಿವನಂಜಮ್ಮ ಹಿಟ್ಟು ಹಾಕಿದಳು. ಮಡಕೆ ಅಲುಗದ ಹಾಗೆ ಕಾಲಿನಿಂದ ಕವಗೋಲು ಒತ್ತಿ ಹಿಡಿದು, ಕೋಲಿನಿಂದ ತಿರುವತೊಡಗಿದಳು. ಐವತ್ತು ವರ್ಷ ತಿರುವಿದ ಕೈ ತಾನೇ ತಿರುವಿತು. ಅವಳ ಕಣ್ಣ ಮುಂದೆ ಇದ್ದದ್ದು ಮಾತ್ರ ಇಪ್ಪತ್ತನಾಲ್ಕು ವರ್ಷ ಹಿಂದಿನ ಒಂದು ಮಟಮಟ ಮಧ್ಯಾಹ್ನ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಮೊದಲ ಸಲ ಮೊಮ್ಮಗಳಿಗೆ ಹೇಳಿದಳು.

ತಿಮ್ಮಯ್ಯ ದೇವನೂರಿಗೆ ಬಂದಿದ್ದ, ಸಾಯುವ ಮೂರು ದಿನ ಮುಂಚೆ. ನಂಜನಗೂಡಿನಲ್ಲಿ ಬಸ್ಸಿನಿಂದ ಇಳಿಸಿಬಿಟ್ಟಿದ್ದರು, ಅಲ್ಲಿಂದ ನಡೆದೇ ಬಂದಿದ್ದ. ಮಂಡಿ ತರಚಿತ್ತು. ಮೈ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯ ಮಕ್ಕಳು ಹಿಂದೆ ಬಂದಿದ್ದರು. ಅವನು ಬಾಗಿಲ ಮುಂದೆ ನಿಂತು ಹೇಳಿದ್ದು ಪೂರ್ತಿ ಅರ್ಥವಾಗಲಿಲ್ಲ, ಎರಡು ಮಾತು ಬಿಟ್ಟು. ಕುಡಿದಿಲ್ಲ ಕಣೆ. ಹೊಟ್ಟೆ ಹಸಿದಿದೆ. ಶಿವನಂಜಮ್ಮ ಒಳಗಿನಿಂದ ಚಿಲಕ ಹಾಕಿದಳು. ಮಗ ಮನೆಗೆ ಬರುವಷ್ಟರಲ್ಲಿ ಇವನು ತೊಲಗಿದರೆ ಸಾಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಕಿಟಕಿಯ ಸಂದಿಯಿಂದ ನೋಡಿದಾಗ ಅವನು ಜಗಲಿಯ ಮೇಲೆ ಕೂತಿದ್ದ. ಬಿಸಿಲು ಸರಿದು ನೆರಳಾಗುವವರೆಗೆ ಕೂತಿದ್ದು, ಎದ್ದು ಹೋದ.

"ಆವತ್ತು ಮುದ್ದೆ ಮಿಕ್ಕಿತ್ತು," ಎಂದಳು ಶಿವನಂಜಮ್ಮ. "ದನುಕ್ಕೆ ಆಕ್ದೆ."

ವಾಣಿ ಅಜ್ಜಿಯ ಮಂಡಿಯ ಮೇಲೆ ಕೈಯಿಟ್ಟು ಕೂತಳು. "ನಿಂಗೆ ಗೊತ್ತಿರ್ನಿಲ್ಲ ಅಜ್ಜಿ."

"ಅಸಿವು ಅಂತ ಗೊತ್ತಿತ್ತು ಕಣವ್ವ."

ಬಾಗಿಲಾಚೆ ಕೂತಿದ್ದ ನಿಂಗರಾಜುವಿಗೆ ಇದೆಲ್ಲ ಕೇಳಿಸಿತ್ತು. ಅವನು ಒಳಗೆ ಬರಲಿಲ್ಲ. ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆಯ ಮುಂದೆ ಕೂತು, "ನಾನೂ ಆ ಮನ್ಸನ ಎಸ್ರು ಎತ್ತುದ್ರೆ ಉಗೀತಿದ್ದೆ. ನಿನ್ನೊಬ್ಳುನ್ನೇ ಏನನ್ಲಿ" ಎಂದ. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ತಿಮ್ಮಯ್ಯನ ಒಡಹುಟ್ಟಿದವರು ಇದ್ದರೆ ಅವರ ಮನೆಗೂ ತಿಳಿಸಿ ಎಂದು. ತಿಮ್ಮಯ್ಯನಿಗೆ ಒಬ್ಬನೇ ತಮ್ಮ, ಮಾರಯ್ಯ. ತೆಂಗಿನ ಮರದಿಂದ ಬಿದ್ದು ಅವನು ಸತ್ತು ಹತ್ತು ವರ್ಷವಾಗಿತ್ತು. ಅವನ ಹೆಂಡತಿ ನಾಗರತ್ನ ಮಗ ನಂಜೇಶ್ ಮತ್ತು ಮಗಳೊಂದಿಗೆ ಸೋಸಲೆಯಲ್ಲೇ ಇದ್ದಳು. ತಿಮ್ಮಯ್ಯನ ಹೆಣ ಮಣ್ಣಾದ ದಿನದಿಂದ ಎರಡು ಮನೆಗಳಿಗೆ ಮಾತಿರಲಿಲ್ಲ. ಶಿವನಂಜಮ್ಮ ಹೋಗುವುದೋ ಬೇಡವೋ ಎಂದು ತಿಂಗಳು ಕಳೆದಳು. ಕೊನೆಗೆ ಒಂದು ಭಾನುವಾರ ಸೀರೆ ಬದಲಾಯಿಸಿ ಹೊರಟಾಗ ನಿಂಗರಾಜುವೂ ಅಂಗಿ ಹಾಕಿಕೊಂಡ.

"ನಾನೂ ಬತ್ತೀನಿ. ನೀನು ಬಾಯಲ್ಲಿ ಏಳುದ್ರೆ ನಂಬಲ್ಲ. ನನ್ನ ನೋಡುದ್ರೆ ನಂಬ್ತಾರೆ."

ಅವನೇ ಓಡಿಸುತ್ತಿದ್ದ ಬಸ್ಸು. ಸ್ಟೇರಿಂಗಿನಲ್ಲಿ ಹೊಸಬನಿದ್ದ. ಶಿವಸ್ವಾಮಿ ಇಬ್ಬರಿಗೂ ಮುಂದಿನ ಸೀಟು ಬಿಡಿಸಿಕೊಟ್ಟ. ಪಕ್ಕದ ಸೀಟಿನ ಹೆಂಗಸು ನಿಂಗರಾಜುವಿನ ಕೈಕಾಲು ನೋಡಿ ಸೆರಗು ಮೂಗಿಗೆ ಒತ್ತಿಕೊಂಡು ಹಿಂದೆ ಹೋದಳು. ಅವನು ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಬಲಗಾಲು ಒತ್ತುತ್ತಿದ್ದ, ಬ್ರೇಕು ತನ್ನ ಕಾಲಡಿಯಲ್ಲೇ ಇದೆಯೆನ್ನುವ ಹಾಗೆ.

ಸೋಸಲೆಯ ಮನೆಯ ಮುಂದೆ ಭತ್ತ ಒಣಹಾಕಿದ್ದರು. ನಾಗರತ್ನ ಕಾಲಲ್ಲಿ ಭತ್ತ ಕೆದಕುತ್ತಿದ್ದವಳು ತಲೆಯೆತ್ತಿದಳು. ಓರಗಿತ್ತಿಯ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದೆ ತೂರಾಡಿಕೊಂಡು ಬರುತ್ತಿದ್ದ ನಿಂಗರಾಜುವನ್ನು ಕಂಡು ಅವಳ ಮುಖ ಬಿಗಿಯಿತು.

"ಇವ್ನೂ ಅದೇ ದಾರಿನಾ ಅಕ್ಕ?"

"ಊ, ಅದೇ ದಾರಿನೇ. ಅದ್ಕೇ ಬಂದೆ. ನಂಜೇಶ ಎಲ್ಲವ್ನೆ?"

ನಾಗರತ್ನ ಉತ್ತರ ಕೊಡುವ ಮೊದಲೇ ಕೊಟ್ಟಿಗೆಯ ಕಡೆಯಿಂದ ಶಬ್ದ ಬಂತು. ತಗಡಿಗೆ ಏನೋ ಬಡಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಶಿವನಂಜಮ್ಮ ಕೇಳದೆಯೇ ಅತ್ತ ನಡೆದಳು.

ಮೂವತ್ತೈದು ವರ್ಷದ ನಂಜೇಶ್ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದ. ಸೊಂಟದಿಂದ ಕಂಬಕ್ಕೆ ನೈಲಾನ್ ಹಗ್ಗ ಬಿಗಿದಿದ್ದರು. ಕಾಲು ಎಗರಿದಾಗಲೆಲ್ಲ ಹಿಮ್ಮಡಿ ತಗಡಿಗೆ ಬಡಿಯುತ್ತಿತ್ತು. ಹಿಮ್ಮಡಿಯ ಚರ್ಮ ಸುಲಿದು ನೊಣ ಕೂತಿದ್ದವು. ಕುಡಿತ ಬಿಡಿಸುವ ಪುಡಿ ಅನ್ನದಲ್ಲಿ ಕಲಸಿ ಹಾಕುತ್ತಿದ್ದರಂತೆ. ಹೆಂಡತಿ ತವರಿಗೆ ಹೋಗಿ ಆರು ತಿಂಗಳಾಗಿತ್ತು. ಅವನು ತಲೆಯೆತ್ತಿ ನೋಡಿದ, ಗುರುತು ಹಿಡಿದ.

"ಕುಡ್ದಿಲ್ಲ ದೊಡ್ಡವ್ವ," ಎಂದ. ಮಾತು ತೊದಲಿದರೂ ಅರ್ಥವಾಯಿತು. "ಇವ್ರು ನಂಬಲ್ಲ."

"ಗೊತ್ತು ಕಣಪ್ಪ. ಗೊತ್ತು."

ಅವಳು ಮೇವು ಹಾಕುವ ಗೊಂತಿನ ಅಂಚಿನಲ್ಲಿ ಕೂತಳು. ನಾಗರತ್ನ ಬಾಗಿಲಲ್ಲಿ ನಿಂತು ಗದರತೊಡಗಿದಳು. ಇಪ್ಪತ್ತನಾಲ್ಕು ವರ್ಷ ಮೂತಿ ತೋರಿಸದವಳು ಈಗ ಬಂದಿದ್ದೀಯ. ಕಟ್ಟದಿದ್ದರೆ ಇವನು ರಸ್ತೆಗೆ ಬೀಳುತ್ತಾನೆ, ಮೊನ್ನೆ ಟ್ರ್ಯಾಕ್ಟರಿಗೆ ಸಿಗುತ್ತಿದ್ದ. ನನಗೇನು ಕಟ್ಟಿಹಾಕುವ ಆಸೆಯಾ.

ಶಿವನಂಜಮ್ಮ ಎಲ್ಲ ಹೇಳಿದಳು. ಸೊನ್ನೆಯ ಚೀಟಿ, ರಕ್ತದ ಪರೀಕ್ಷೆ, ಮೆದುಳಿನೊಳಗಿನ ಗಂಟು, ಅರ್ಧಕ್ಕರ್ಧ. ನಾಗರತ್ನ ಕೇಳಿಸಿಕೊಂಡಳು. ಆದರೆ ಮೆತ್ತಗಾಗಲಿಲ್ಲ.

"ಇದ್ನ ಇಲ್ಲಿ ಜೋರಾಗಿ ಏಳ್ಬೇಡ ಅಕ್ಕ. ನನ್ ಮಗ್ಳಿಗೆ ಗಂಡು ನೋಡ್ತಾ ಇವ್ನಿ. ಕುಡುಕ ಅಣ್ಣ ಅವ್ನೆ ಅಂದ್ರೆ ಒಪ್ತಾರೆ. ವಂಶದಲ್ಲೇ ಕಾಯಿಲೆ ಅಂದ್ರೆ ಯಾರ್ ಒಪ್ತಾರೆ?"

"ಮಾರಯ್ಯ ಮರದಿಂದ ಬಿದ್ನಲ್ಲ. ಇಪ್ಪತ್ ವರ್ಸ ಮರ ಅತ್ತುದ್ ಕೈ, ಎಂಗೆ ಜಾರ್ತು ಅಂತ ಯಾವತ್ತಾರ ಕೇಳ್ಕಂಡಿದ್ದೀಯಾ?"

ನಾಗರತ್ನ ಮಗನ ಕಡೆ ತಿರುಗಿದಳು.

"ನನ್ ಬಾಗ್ಲಿಗೆ ಬಂದ ಮನ್ಸಂಗೆ ನಾನು ಚಿಲ್ಕ ಆಕ್ದೆ ನಾಗು. ಅನ್ನ ಕೇಳ್ದ, ಕೊಡ್ನಿಲ್ಲ. ಮೂರ್ ದಿನುಕ್ಕೆ ಸತ್ತ. ಈಗ ನಂಗೆ ಎಲ್ಲ ಗೊತ್ತಾಗದೆ, ಏನ್ ಮಾಡ್ಲಿ ಏಳು. ನಿನ್ ಮಗ ಇನ್ನೂ ಬದ್ಕವ್ನೆ."

ಈ ಹೊತ್ತಿಗೆ ನಿಂಗರಾಜು ನಂಜೇಶನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದ. ಹಗ್ಗದ ಗಂಟಿಗೆ ಕೈ ಹಾಕಿದ್ದ. ಅವನ ಬೆರಳು ಗಂಟನ್ನು ಹಿಡಿಯುವುದು, ಎಗರಿ ಬಿಡುವುದು, ಮತ್ತೆ ಹಿಡಿಯುವುದು. ನಂಜೇಶನ ಮೈ ಅಲುಗುವುದು ಇನ್ನೊಂದು ತೊಡಕು. ಅಣ್ಣತಮ್ಮಂದಿರ ಮಕ್ಕಳಿಬ್ಬರ ಕೈಕಾಲು ಒಂದೇ ರೀತಿ ಕುಣಿಯುತ್ತಿದ್ದುದನ್ನು ನಾಗರತ್ನ ಬಾಗಿಲಲ್ಲಿ ನಿಂತು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ನಿಂಗರಾಜುವಿಗೆ ಗಂಟು ಬಿಡಿಸಲಾಗಲಿಲ್ಲ. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆದರೂ ಕೈ ತೆಗೆಯಲಿಲ್ಲ.

ನಾಗರತ್ನ ಒಳಗೆ ಹೋಗಿ ಕುಡುಗೋಲು ತಂದಳು. ಬಗ್ಗಿ ಹಗ್ಗ ಕೊಯ್ದಳು. ನಿಂಗರಾಜುವಿನ ಕೈಗೆ ತಗುಲದಂತೆ ಒಂದು ಕೈಯಲ್ಲಿ ಅವನ ಬೆರಳುಗಳನ್ನು ಹಿಡಿದುಕೊಂಡೇ ಕೊಯ್ದಳು.

"ಈಗ ಓಗಿ ನೀವು," ಎಂದಳು. ಊಟಕ್ಕೆ ನಿಲ್ಲಿ ಎನ್ನಲಿಲ್ಲ.

ಎರಡು ವಾರದ ಮೇಲೆ ಅವಳೇ ನಂಜೇಶನನ್ನು ಮೈಸೂರಿಗೆ ಕರೆದುಕೊಂಡು ಬಂದಳು. ಶಿವನಂಜಮ್ಮ ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದಳು. ರಕ್ತದ ಪರೀಕ್ಷೆಯಲ್ಲಿ ನಂಜೇಶನ ಲೆಕ್ಕ ನಲವತ್ತೊಂಬತ್ತು ಬಂತು. ತಂದೆಯಿಂದ ಮಗನಿಗೆ ಬರುವಾಗ ಕೆಲವು ಸಲ ಉದ್ದ ಜಾಸ್ತಿಯಾಗುತ್ತದೆ, ಹಾಗಾದರೆ ಕಾಯಿಲೆಯೂ ಬೇಗ ಬರುತ್ತದೆ ಎಂದರು ಡಾಕ್ಟರು. ನಂಜೇಶನ ಹೆಂಡತಿ ಸುದ್ದಿ ಕೇಳಿ ಒಂದು ಸಲ ಬಂದು ನೋಡಿ, ಅತ್ತು, ಮಗುವನ್ನು ಎತ್ತಿಕೊಂಡು ತಿರುಗಿ ಹೋದಳು. ಅವಳನ್ನು ಯಾರೂ ದೂರಲಿಲ್ಲ. ನಾಗರತ್ನನ ಮಗಳಿಗೆ ನೋಡಿದ ಗಂಡು ತಪ್ಪಿಹೋಯಿತು. ಅದಕ್ಕೆ ನಾಗರತ್ನ ಶಿವನಂಜಮ್ಮನನ್ನು ಕ್ಷಮಿಸಲೇ ಇಲ್ಲ. ಆದರೆ ಹಗ್ಗವನ್ನು ಮತ್ತೆ ಕಟ್ಟಲಿಲ್ಲ. ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಸಿಗೆ ಹಾಕಿ, ಕೈಕಾಲು ಬಡಿದು ಗಾಯವಾಗದಂತೆ ಗೋಡೆಗೆಲ್ಲ ಹಳೆಯ ಕೌದಿ ಹೊಡೆಸಿದಳು.

ಮುಂದಿನ ಎರಡು ವರ್ಷ ದೇವನೂರಿನ ಮನೆಯಲ್ಲಿ ಎಲ್ಲವೂ ಡಾಕ್ಟರು ಹೇಳಿದ ಹಾಗೆಯೇ, ಆದರೆ ಹೇಳಿದ್ದಕ್ಕಿಂತ ಬೇಗ ಆಯಿತು. ಕೋಮಲ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ನಿಂಗರಾಜುವನ್ನು ನೋಡಿಕೊಳ್ಳುವುದು ತಾಯಿಯ ಪಾಲಿಗೆ ಬಂತು. ಮುದ್ದೆ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿದ ಮೇಲೆ ಶಿವನಂಜಮ್ಮ ರಾಗಿ ಅಂಬಲಿಯನ್ನು ಗಟ್ಟಿ ಮಾಡಿ ಚಮಚದಲ್ಲಿ ಕುಡಿಸತೊಡಗಿದಳು. ಒಂದೊಂದು ಚಮಚಕ್ಕೂ ಅವನು ನುಂಗಿದ್ದನ್ನು ಖಾತ್ರಿ ಮಾಡಿಕೊಂಡು ಮುಂದಿನದು. ಒಂದು ಊಟಕ್ಕೆ ಒಂದು ಗಂಟೆ. ಅವನು ಒಂದೊಂದು ದಿನ ಬಾಯಿ ಬಿಗಿದು, ಬೇಡ, ಹೀಗೇ ಬಿಟ್ಟುಬಿಡು ಎಂದು ಕಣ್ಣಲ್ಲೇ ಹೇಳುತ್ತಿದ್ದ. ಆಗ ಅವಳು ಬಟ್ಟಲನ್ನು ಕೆಳಗಿಟ್ಟು ಕಾಯುತ್ತಿದ್ದಳು, ಎದ್ದು ಹೋಗುತ್ತಿರಲಿಲ್ಲ.

ಜಗಲಿಯಲ್ಲಿ ಕೂತವರಿಗೆ, ಅಂಗಡಿಯಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ, ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು: ನನ್ನ ಗಂಡ ಕುಡುಕನಲ್ಲ, ಅವನಿಗೆ ಕಾಯಿಲೆ ಇತ್ತು. ಕೆಲವರು ಅಯ್ಯೋ ಪಾಪ ಎನ್ನುತ್ತಿದ್ದರು. ವಯಸ್ಸಾದ ಒಂದಿಬ್ಬರು, ಈಗ ಹೇಳಿ ಏನು ಬಂತು ಎನ್ನುತ್ತಿದ್ದರು. ಅವರ ಮಾತೇ ಸರಿ ಎಂದು ಅವಳಿಗೂ ಅನ್ನಿಸುತ್ತಿತ್ತು.

ವಾಣಿಗೆ ಇಪ್ಪತ್ತೊಂದು ತುಂಬಿತು. ಡಿಗ್ರಿ ಕೊನೆಯ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅವಳು ಆಸ್ಪತ್ರೆಯಿಂದ ತಂದ ಕಾಗದವೊಂದನ್ನು ಹಿಡಿದು ಅಜ್ಜಿಯ ಹತ್ತಿರ ಕೂತಳು. ತನಗೂ ಇದೆಯೋ ಇಲ್ಲವೋ ತಿಳಿಯುವ ಪರೀಕ್ಷೆಗೆ ಸಹಿ ಹಾಕಬೇಕಾದ ಕಾಗದ. ಮೊದಲು ಎರಡು ಮೂರು ಸಲ ಕೂರಿಸಿ ಮಾತಾಡುತ್ತಾರೆ, ಆಮೇಲೂ ಬೇಕು ಎಂದರೆ ಮಾತ್ರ ರಕ್ತ ತೆಗೆಯುತ್ತಾರೆ ಎಂದಳು.

"ನೀನಾಗಿದ್ರೆ ತಿಳ್ಕತಿದ್ದಾ ಅಜ್ಜಿ?"

ಶಿವನಂಜಮ್ಮ ಮಗನ ಬಾಯಿ ಒರೆಸಿ ಬಟ್ಟೆ ಮಡಚಿದಳು. "ನಂಗೆ ಗೊತ್ತಿದ್ದಿದ್ರೆ ಆ ಬಾಗ್ಲು ತೆಗೀತಿದ್ದೆ. ನಂದು ಅಷ್ಟೇ. ನಿಂದು ಬೇರೆ ಕಣವ್ವ. ನೀನು ತಿಳ್ಕಂಡು ಯಾವ ಬಾಗ್ಲು ತೆಗ್ದೀಯ, ನಂಗೆ ಗೊತ್ತಾಗಲ್ಲ."

"ಇಲ್ಲ ಅಂತ ಬಂದ್ರೆ?"

"ಬಂದ್ರೆ ಅದ್ಕಿಂತ ಇನ್ನೇನ್ ಬೇಕು."

"ಅದೆ ಅಂತ ಬಂದ್ರೆ?"

ನಿಂಗರಾಜು ಗೋಡೆಗೆ ಒರಗಿ ಕೂತಿದ್ದ. ಅವನಿಗೆ ಮಾತು ನಿಂತು ಹೋಗಿತ್ತು, ಆದರೆ ಕೇಳಿಸುತ್ತಿತ್ತು. ಅವನು ಮಗಳ ಕಡೆ ಕೈಚಾಚಲು ನೋಡಿದ. ಕೈ ಬೇರೆ ಕಡೆ ಹೋಯಿತು. ವಾಣಿಯೇ ಎದ್ದು ಬಂದು ಆ ಕೈಯನ್ನು ಹಿಡಿದು ತನ್ನ ಎರಡೂ ಕೈಗಳ ನಡುವೆ ಒತ್ತಿಕೊಂಡಳು. ಕೈ ಒಳಗೇ ಆಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕಾಗದವನ್ನು ಮಡಚಿ ಪುಸ್ತಕದೊಳಗೆ ಇಟ್ಟಳು, ಕಾಲೇಜಿನ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದಳು. ಆಮೇಲೂ ಅವಳು ಸಹಿ ಹಾಕಲಿಲ್ಲ. ಹರಿದು ಹಾಕಲೂ ಇಲ್ಲ.

ಅಂದು ಕಾಗದ ಎತ್ತಿಡುವಷ್ಟರಲ್ಲಿ ಕಾಲೇಜಿನ ಬಸ್ಸಿಗೆ ಹೊತ್ತಾಗಿತ್ತು. ಅವಳು ಕನ್ನಡಿಯ ಮುಂದೆ ನಿಂತು ಜಡೆ ಹಾಕಿಕೊಳ್ಳತೊಡಗಿದಳು. ಬೆರಳುಗಳು ಮೂರು ಎಳೆಗಳ ನಡುವೆ ಚುರುಕಾಗಿ ಓಡಾಡುತ್ತಿದ್ದವು. ಶಿವನಂಜಮ್ಮ ಬಟ್ಟಲು ಹಿಡಿದೇ ಆ ಬೆರಳುಗಳನ್ನು ನೋಡಿದಳು. ಒಂದು ಎಳೆ ಕೈತಪ್ಪಿ ಭುಜದ ಮೇಲೆ ಬಿತ್ತು. ವಾಣಿ ಅದನ್ನು ಎತ್ತಿಕೊಂಡಳು, ಕನ್ನಡಿಯಲ್ಲಿ ಅಜ್ಜಿಯ ಮುಖ ಕಂಡಿತು.

"ನನ್ ಕೈ ನೋಡ್ಬೇಡ ಅಜ್ಜಿ," ಎಂದಳು ಮೆಲ್ಲಗೆ.

ಶಿವನಂಜಮ್ಮ ಮಗನ ಕಡೆ ತಿರುಗಿ ಚಮಚ ಎತ್ತಿಕೊಂಡಳು.